ಸೀಳುನಾಯಿ: ತಪ್ಪು ಕಲ್ಪನೆ ಮತ್ತು ಸತ್ಯ

ಕರ್ನಾಟಕದ ಕಾಡುಗಳಲ್ಲಿ ಗುಂಪುಗೂಡಿ ಬೇಟೆಯಾಡುವ ಪ್ರಾಣಿಗಳ ಪೈಕಿ ಸೀಳುನಾಯಿಯಷ್ಟು ಅಪಖ್ಯಾತಿ ಹೊತ್ತದ್ದು ಇನ್ನೊಂದಿಲ್ಲ. ಕಾಡುನಾಯಿ, ಕೆನ್ನಾಯಿ ಎಂಬ ಹೆಸರುಗಳೂ ಇರುವ ಈ ಪ್ರಾಣಿಯನ್ನು ರುಡ್ಯಾರ್ಡ್ ಕಿಪ್ಲಿಂಗ್ 1895ರ ‘ದಿ ಸೆಕೆಂಡ್ ಜಂಗಲ್ ಬುಕ್’ನಲ್ಲಿ, ದಖ್ಖನಿನಿಂದ ನುಗ್ಗಿ ಬಂದು ಹುಲಿಯ ಬೇಟೆಯನ್ನೂ ಕಸಿಯುವ ಕೆಂಪು ದಂಡಾಗಿ ಚಿತ್ರಿಸಿದನು. ಆ ಕಲ್ಪನಾಲೋಕದ ಚಿತ್ರಕ್ಕೂ, ಶಿಕಾರಿಪುರ ಮತ್ತು ಸೊರಬದಂಥ ಮಲೆನಾಡಿನ ಅಂಚಿನ ಸೀಮೆಗಳಲ್ಲಿ ಸೀಳುನಾಯಿಯ ಬಗ್ಗೆ ಬೇರೂರಿರುವ ನಂಬಿಕೆಗಳಿಗೂ ಹೆಚ್ಚಿನ ಅಂತರವಿಲ್ಲ. ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಅವರು 1970ರ ದಶಕದಲ್ಲಿ ಬಂಡೀಪುರದಲ್ಲಿ ನಡೆಸಿದ ಅಧ್ಯಯನ ಮತ್ತು ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಅವರ ದೀರ್ಘಕಾಲದ ಚಿತ್ರೀಕರಣ ಈ ನಂಬಿಕೆಗಳನ್ನು ಒರೆಗೆ ಹಚ್ಚಲು ಗಟ್ಟಿಯಾದ ಆಧಾರ ಒದಗಿಸಿವೆ.

ತಪ್ಪು ಕಲ್ಪನೆ: ಸೀಳುನಾಯಿ ಎಂದರೆ ಕಾಡು ಸೇರಿದ ಊರುನಾಯಿ.

ಸತ್ಯ: ಊರುನಾಯಿ ತೋಳದ ಕುಲಕ್ಕೆ ಸೇರಿದ್ದರೆ, ಸೀಳುನಾಯಿಯದು ಕ್ಯುಯಾನ್ ಎಂಬ ಪ್ರತ್ಯೇಕ ಕುಲ. ಊರುನಾಯಿಗೆ 42 ಹಲ್ಲುಗಳಿದ್ದರೆ ಇದಕ್ಕೆ 40 ಮಾತ್ರ. ಕೆಳದವಡೆಯ ಎರಡೂ ಬದಿಯಲ್ಲಿ ಒಂದೊಂದು ಅರೆಯುವ ಹಲ್ಲು ಕಡಿಮೆ. ಕೆಂಗಂದು ಮೈ, ದುಂಡು ತುದಿಯ ಕಿವಿ, ಕಪ್ಪನೆಯ ಪೊದೆಬಾಲ ಇವುಗಳಿಂದ ಇದನ್ನು ದೂರದಿಂದಲೇ ಗುರುತಿಸಬಹುದು, ಮತ್ತು ಚದುರಿದ ಗುಂಪು ಮತ್ತೆ ಒಂದುಗೂಡುವುದು ಬೊಗಳಿಕೆಯಿಂದಲ್ಲ, ಸಿಳ್ಳೆಯಂಥ ಕೂಗಿನಿಂದ. ಬೀದಿನಾಯಿಗಳ ಹಿಂಡು ಕುರಿಯನ್ನೋ ಜಿಂಕೆಯನ್ನೋ ಕೊಂದಾಗ ಆ ದೂರು ಸೀಳುನಾಯಿಯ ತಲೆಗೆ ಬರದಂತೆ ನೋಡಿಕೊಳ್ಳಲು ಈ ವ್ಯತ್ಯಾಸ ತಿಳಿದಿರಬೇಕು.

ತಪ್ಪು ಕಲ್ಪನೆ: ಪೊದೆಗಳ ಮೇಲೆ ಮೂತ್ರ ಹೊಯ್ದು, ಅದು ತಾಗಿ ಕುರುಡಾದ ಜಿಂಕೆಯನ್ನು ಹಿಡಿಯುತ್ತದೆ.

ಸತ್ಯ: ಭಾರತದ ಹಲವೆಡೆ ಪ್ರಚಲಿತವಾಗಿರುವ ಈ ನಂಬಿಕೆಗೆ ಯಾವ ಆಧಾರವೂ ಇಲ್ಲ. ಮೂತ್ರ ಮತ್ತು ಮಲ ಈ ಪ್ರಾಣಿಗೆ ವಾಸನೆಯ ಗುರುತುಗಳು, ಅಂದರೆ ಗುಂಪಿನ ಇರವನ್ನು ಸಾರುವ ಸಾಧನಗಳು. ಬೇಟೆ ನಡೆಯುವುದು ಸಹಕಾರದಿಂದ: ಕೆಲವು ಪೊದೆಗಳೊಳಗಿಂದ ಜಿಂಕೆಯನ್ನು ಎಬ್ಬಿಸಿ ಓಡಿಸಿದರೆ ಉಳಿದವು ಅದು ಹೊರಬೀಳುವ ದಾರಿಯಲ್ಲಿ ಕಾದಿರುತ್ತವೆ.

ತಪ್ಪು ಕಲ್ಪನೆ: ಜೀವಂತವಾಗಿ ಸೀಳಿ ತಿನ್ನುವುದು ಕ್ರೌರ್ಯದ ಗುರುತು.

ಸತ್ಯ: ಹುಲಿ, ಚಿರತೆಗಳಂತೆ ಗಂಟಲು ಹಿಡಿದು ಉಸಿರು ಕಟ್ಟಿಸುವ ಬಲ ಸುಮಾರು 12ರಿಂದ 20 ಕಿಲೋ ತೂಗುವ ಈ ಪ್ರಾಣಿಗಿಲ್ಲ. ತನಗಿಂತ ಹಲವು ಪಟ್ಟು ಭಾರದ ಕಡವೆಯನ್ನು ಉರುಳಿಸಲು ಅದು ಹಲವು ಬಾಯಿಗಳನ್ನೇ ನೆಚ್ಚಬೇಕು. ತಡಮಾಡಿದರೆ ಹುಲಿಯೋ ಚಿರತೆಯೋ ಬಂದು ಮಾಂಸ ಕಸಿಯುವುದರಿಂದ ಬೇಗ ತಿಂದು ಮುಗಿಸಬೇಕು. ಹಿಂಸೆಯೆಂದು ತೋರುವುದು ದೇಹರಚನೆ ಮತ್ತು ಪೈಪೋಟಿಯ ಫಲ. ಇದೇ ಗುಂಪು ಮರಿಗಳ ವಿಷಯದಲ್ಲಿ ತೋರುವ ಅಕ್ಕರೆ ಬೆರಗು ಹುಟ್ಟಿಸುವಂಥದ್ದು: ಸಾಮಾನ್ಯವಾಗಿ ಒಂದೇ ಜೋಡಿ ಮರಿಹಾಕಿದರೂ ಉಳಿದವು ಬೇಟೆಯಿಂದ ಗೂಡಿಗೆ ಮರಳಿ, ನುಂಗಿದ ಮಾಂಸವನ್ನು ಕಕ್ಕಿ ಮರಿಗಳಿಗೂ ತಾಯಿಗೂ ಉಣಿಸುತ್ತವೆ, ಮರಿಗಳು ಬೇಟೆಯ ಜಾಗಕ್ಕೆ ಬರುವಷ್ಟು ಬೆಳೆದ ಮೇಲೆ ದೊಡ್ಡವು ಸರಿದು ನಿಂತು ಅವುಗಳಿಗೆ ಮೊದಲು ತಿನ್ನಲು ಬಿಡುತ್ತವೆ.

ತಪ್ಪು ಕಲ್ಪನೆ: ಮನುಷ್ಯರ ಮೇಲೆರಗುತ್ತದೆ, ಕಾಡಿನ ಜಿಂಕೆ ಸಂತತಿಯನ್ನೇ ಬರಿದು ಮಾಡುತ್ತದೆ.

ಸತ್ಯ: ಸೀಳುನಾಯಿ ಮನುಷ್ಯರನ್ನು ಕಂಡರೆ ದೂರ ಸರಿಯುವ ಪ್ರಾಣಿ, ಅದು ನರಭಕ್ಷಕವೆಂಬುದಕ್ಕೆ ನಂಬಲರ್ಹ ದಾಖಲೆಯಿಲ್ಲ. ಕಾಡಿನಲ್ಲಿ ಬೇಟೆ ಕಡಿಮೆಯಾದೆಡೆ ಅದು ಜಾನುವಾರಿಗೆ ಬಾಯಿ ಹಾಕುವುದುಂಟು. ಜಿಂಕೆ, ಕಡವೆಗಳೊಡನೆ ಅದು ಸಾವಿರಾರು ವರ್ಷ ಬಾಳಿದೆ. ಅವುಗಳ ಕುಸಿತಕ್ಕೆ ಬಂದೂಕು, ಉರುಳು ಮತ್ತು ಕಾಡಿನ ನಾಶ ಕಾರಣ. ಆದರೂ ಶಿಕಾರಿಯ ಪ್ರಾಣಿಗಳನ್ನು ಮುಗಿಸುವ ಪೀಡೆಯೆಂಬ ಹಣೆಪಟ್ಟಿ ಹಚ್ಚಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವವರೆಗೂ ಇದನ್ನು ಕೊಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿತ್ತು. ಇಂದು ಇದು ಜಗತ್ತಿನ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ.

ತಪ್ಪು ಕಲ್ಪನೆ: ಕೊಲ್ಲುವುದನ್ನು ನಿಲ್ಲಿಸಿದರೆ ಸಾಕು, ಸಂತತಿ ತಾನಾಗಿ ಉಳಿಯುತ್ತದೆ.

ಸತ್ಯ: ಅದಕ್ಕೆ ವಿಶಾಲ ನೆಲೆಯೂ ಬೇಕು. ಬಂಡೀಪುರದಲ್ಲಿ ಅಧ್ಯಯನಕ್ಕೊಳಗಾದ ಗುಂಪು ಸುಮಾರು 40 ಚದರ ಕಿಲೋಮೀಟರಿನಲ್ಲಿ ಓಡಾಡುತ್ತಿತ್ತು, ಆದರೆ ಸೊರಬದ ಗುಡವಿ ಪಕ್ಷಿಧಾಮದ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಸೊರಬದ ಕಾನುಗಳು, ಅಂದರೆ ಹಳ್ಳಿಗರು ಮೆಣಸು ಮುಂತಾದ ಉತ್ಪನ್ನ ಪಡೆಯುತ್ತ ಭಕ್ತಿಯಿಂದ ಕಾಪಾಡಿಕೊಂಡು ಬಂದ ನಿತ್ಯಹಸಿರಿನ ಕಾಡುಗಳು, 1868ರಲ್ಲಿ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸಲ್ಲಿಸಿದ ವರದಿಯ ವಸ್ತುವಾಗುವಷ್ಟು ಮಹತ್ವ ಪಡೆದಿದ್ದವು. ಇಂಥ ಹಸಿರು ತುಣುಕುಗಳು ಒಂದಕ್ಕೊಂದು ಕೂಡಿಕೊಂಡು ಪಶ್ಚಿಮದ ದೊಡ್ಡ ಕಾಡುಗಳನ್ನು ಮುಟ್ಟಿದರಷ್ಟೇ ವಿಶಾಲ ನೆಲೆ ಬೇಡುವ ಗುಂಪಿಗೆ ಓಡಾಟದ ದಾರಿ ಸಿಗುತ್ತದೆ. ಊರುನಾಯಿಗಳಿಂದ ಹರಡುವ ರೇಬೀಸ್ ಮತ್ತು ಡಿಸ್ಟೆಂಪರ್ ಇಡೀ ಗುಂಪನ್ನೇ ಅಳಿಸಬಲ್ಲವಾದ್ದರಿಂದ, ಕಾಡಂಚಿನ ಹಳ್ಳಿಯ ನಾಯಿಗಳಿಗೆ ಲಸಿಕೆ ಹಾಕಿಸುವುದು ಮನುಷ್ಯನಿಗೂ ಸೀಳುನಾಯಿಗೂ ಒಟ್ಟಿಗೆ ಒದಗುವ ರಕ್ಷಣೆ. ತಪ್ಪು ತಿಳಿವಳಿಕೆಯ ಬಲದ ಮೇಲೆ ತಲೆಮಾರುಗಳ ಕಾಲ ಬೇಟೆಯಾಡಿಸಿಕೊಂಡ ಈ ಪ್ರಾಣಿಗೆ ಸಲ್ಲಬೇಕಾದ ನ್ಯಾಯ ಅಲ್ಲಿಂದಲೇ ಆರಂಭವಾಗಬಹುದು.