ಒಂದೆಲಗದಲ್ಲಿ ಸೀಸವೆಷ್ಟು?

ನೆನಪಿನ ಶಕ್ತಿ ಹೆಚ್ಚಲೆಂದು ಮಕ್ಕಳಿಗೆ ಒಂದೆಲಗದ ಪುಡಿ ಕೊಡುತ್ತೇವೆ. ಅದರಲ್ಲಿ ಸೀಸ ಸೇರಿದ್ದರೆ ಅದು ಕೆಡಿಸುವುದು ಮೆದುಳನ್ನೇ. ಮುಂಬಯಿಯ ಪ್ರಯೋಗಾಲಯವೊಂದರಲ್ಲಿ ಇಂಥ ಪುಡಿಗಳನ್ನು ಪರೀಕ್ಷಿಸುವುದು ನನ್ನ ಕೆಲಸ. "ಎಲೆ, ಬೇರು ತಾನೇ, ಅದರಲ್ಲೇನು ವಿಷ?" ಎಂದು ಕನ್ನಡ ಸಂಘದ ಗೆಳೆಯರು ಕೇಳುವುದುಂಟು. ಒಂದೆಲಗಕ್ಕೆ ತೇವದ ಜಾಗವೇ ಇಷ್ಟ. ಆ ತೇವ ಕೊಳಚೆ ನೀರಿನದಾದರೆ ಅದರಲ್ಲಿರುವ ಲೋಹಗಳನ್ನೂ ಗಿಡ ಹೀರಿಕೊಳ್ಳುತ್ತದೆ. ಬಣ್ಣ, ವಾಸನೆಯಲ್ಲಿ ಸುಳಿವು ಸಿಗದು. ಕಷಾಯ ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಹೋಗುವುದಿಲ್ಲ.

ನಾವು ಪುಡಿಯನ್ನು ತೂಗಿ, ನೈಟ್ರಿಕ್ ಆಮ್ಲದಲ್ಲಿ ಬಿಸಿಮಾಡಿ ಕರಗಿಸಿ, ಐಸಿಪಿ-ಎಂಎಸ್ ಯಂತ್ರಕ್ಕೆ ಕೊಡುತ್ತೇವೆ. ಆಯುರ್ವೇದ ಫಾರ್ಮಕೋಪಿಯಾದ ಮಿತಿ ಹೀಗಿದೆ: ಹತ್ತು ಲಕ್ಷ ಭಾಗದಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಭಾಗ. 2006ರ ಜನವರಿಯಿಂದ ಪರೀಕ್ಷೆ ಕಡ್ಡಾಯವಾದದ್ದು ರಫ್ತಾಗುವ ಗಿಡಮೂಲಿಕೆ ಔಷಧಿಗಳಿಗೆ. ಹೊರದೇಶದವರ ಹೊಟ್ಟೆಯ ಚಿಂತೆ ಮೊದಲು ಬಂತಲ್ಲ ಎಂಬ ಕಸಿವಿಸಿ ನನಗೆ ಈಗಲೂ ಇದೆ.

ಊರಿನಿಂದ ತರಿಸುವ ಬಿಡಿ ಪುಡಿಯ ಪೊಟ್ಟಣಕ್ಕೆ ಬ್ಯಾಚ್ ಸಂಖ್ಯೆಯೇ ಇರುವುದಿಲ್ಲ. ಡಬ್ಬಿಯದಾದರೆ ಆ ಬ್ಯಾಚಿನ ಪರೀಕ್ಷಾ ವರದಿ ಕಳಿಸಿ ಎಂದು ಕಂಪನಿಗೆ ಬರೆಯಿರಿ. ನಮ್ಮ ಮನೆಯಲ್ಲಂತೂ ಬಾಲ್ಕನಿಯ ಕುಂಡದಲ್ಲಿ ಬೆಳೆದ ಒಂದೆಲಗದ ತಂಬುಳಿಯೇ.