ಬೆಟ್ಟದ ದೇಶದಲ್ಲಿ ಸೈಕಲ್ ಯಾಕೆ ಸಲೀಸು? ಸ್ವಿಟ್ಜರ್ಲೆಂಡ್ ಹಳ್ಳಿ ರಸ್ತೆಗಳ ಲೆಕ್ಕ

ಇವತ್ತಿನ ಎಪಿಸೋಡ್‌ಗೆ ಕಾರಣ ಕೇಳುಗರೊಬ್ಬರು ಕಳಿಸಿದ ಒಂದು ವಾಯ್ಸ್ ಮೆಸೇಜ್. ಅವರು ಕೇಳಿದ್ದು ಇಷ್ಟೇ: "ನೆದರ್ಲೆಂಡ್ಸ್ ಚಪ್ಪಟೆ ದೇಶ, ಅಲ್ಲಿ ಸೈಕಲ್ ಓಡಿಸ್ತಾರೆ ಸರಿ. ಸ್ವಿಟ್ಜರ್ಲೆಂಡ್ ತುಂಬಾ ಬೆಟ್ಟ. ಅಲ್ಲಿ ಅರವತ್ತು ವರ್ಷದವರೂ ಹಳ್ಳಿ ಹಳ್ಳಿ ಸೈಕಲ್‌ನಲ್ಲಿ ಸುತ್ತುತಾರಂತೆ, ಹೇಗೆ?"

ನಾನು ಅಲ್ಲಿ ಎರಡು ದಿನ ಬಾಡಿಗೆ ಸೈಕಲ್‌ನಲ್ಲಿ ಥೂನ್ ಅನ್ನೋ ಊರಿಂದ ಲಾಂಗ್ನೌ, ಅಲ್ಲಿಂದ ಬುರ್ಗ್‌ಡೋರ್ಫ್‌ವರೆಗೆ ಹೋಗಿದ್ದೆ. ಆಮೇಲೆ ಈ ವಿಷಯದ ಬಗ್ಗೆ ಸಾಕಷ್ಟು ಓದಿದೆ. ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಸೈಕಲ್ ಓಡಿಸೋರನ್ನ ತಡೆಯೋದು ಬೆಟ್ಟ ಅಲ್ಲ, ಭಯ. ಹಿಂದಿನಿಂದ ಬರೋ ಲಾರಿಯ ಭಯ, ದಾರಿ ತಪ್ಪೋ ಭಯ, ಸುಸ್ತಾದ್ರೆ ವಾಪಸ್ ಬರೋದು ಹೇಗೆ ಅನ್ನೋ ಭಯ. ಈ ಮೂರನ್ನೂ ಆ ದೇಶ ಒಂದೊಂದಾಗಿ ಕಡಿಮೆ ಮಾಡಿದೆ. ಹೇಗೆ ಅಂತ ನೋಡೋಣ.

ಇದು 'ಎಮ್ಮೆ' ಕಣಿವೆ

ಸ್ವಿಟ್ಜರ್ಲೆಂಡ್ ಅಂದ ತಕ್ಷಣ ಹಿಮದ ಆಲ್ಪ್ಸ್ ನೆನಪಾಗುತ್ತೆ, ಅಲ್ವಾ? ಆದ್ರೆ ಆ ದೇಶದಲ್ಲಿ ಮೂರು ಪಟ್ಟಿಗಳಿವೆ. ದಕ್ಷಿಣಕ್ಕೆ ಆಲ್ಪ್ಸ್, ವಾಯುವ್ಯಕ್ಕೆ ಜೂರಾ ಬೆಟ್ಟಗಳು, ಇವೆರಡರ ನಡುವೆ ಏರುತಗ್ಗಿನ ಹಸಿರು ಸೀಮೆ. ಜನ ಹೆಚ್ಚಾಗಿ ಇರೋದು ಈ ನಡುವಿನ ಪಟ್ಟಿಯಲ್ಲೇ.

ಇದರ ಅಂಚಿನಲ್ಲಿ, ರಾಜಧಾನಿ ಬರ್ನ್‌ನ ಪೂರ್ವಕ್ಕೆ ಎಮ್ಮೆಂಟಾಲ್ ಇದೆ. ನಗಬೇಡಿ, ನಮ್ಮ ಎಮ್ಮೆಗೂ ಇದಕ್ಕೂ ಸಂಬಂಧ ಇಲ್ಲ. ಎಮ್ಮೆ ಅನ್ನೋದು ಅಲ್ಲಿನ ನದಿ ಹೆಸರು, ಟಾಲ್ ಅಂದ್ರೆ ಕಣಿವೆ. ಕಾರ್ಟೂನ್‌ಗಳಲ್ಲಿ ತೂತು ತೂತಾಗಿ ಕಾಣೋ ಚೀಸ್ ಇದೆಯಲ್ಲ, ಅದರ ಮೂಲ ಊರು ಇದೇ.

ಇಲ್ಲಿ ನಾಪ್ಫ್ ಅನ್ನೋ ಬೆಟ್ಟ ಇದೆ, ಎತ್ತರ ಸುಮಾರು 1,400 ಮೀಟರ್. ಅದರ ಸುತ್ತ ಹೊಳೆಗಳು ಲಕ್ಷಾಂತರ ವರ್ಷ ಹರಿದು ನೆಲವನ್ನು ಕೊರೆದಿವೆ. ಹಾಗಾಗಿ ಕಿರಿದಾದ ಕೊರಕಲು, ಪಕ್ಕದಲ್ಲೇ ದಿಬ್ಬ, ಮತ್ತೆ ಕೊರಕಲು, ಮತ್ತೆ ದಿಬ್ಬ. ನಮ್ಮ ನಂದಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗೋರಿಗೆ ಒಂದು ದೊಡ್ಡ ಏರು, ಒಂದು ದೊಡ್ಡ ಇಳಿಕೆ. ಇಲ್ಲಿ ಹಾಗಲ್ಲ, ಏರು ಮುಗೀತು ಅಂತ ಉಸಿರು ಬಿಡೋ ಹೊತ್ತಿಗೆ ಇನ್ನೊಂದು ಶುರುವಾಗಿರುತ್ತೆ. ಥೂನ್ ಇರೋದು ಸುಮಾರು 560 ಮೀಟರ್ ಎತ್ತರದಲ್ಲಿ, ಲಾಂಗ್ನೌ ಸುಮಾರು 670 ಮೀಟರ್‌ನಲ್ಲಿ. ವ್ಯತ್ಯಾಸ ಬರೀ 110 ಮೀಟರ್ ಅಂತ ನಂಬ್ಕೊಂಡು ಹೊರಟ್ರೆ ಕಾಲು ಬೇರೆ ಲೆಕ್ಕ ಹೇಳುತ್ತೆ. ನಡುವೆ ಹತ್ತಿ ಇಳಿಯೋದು ಅದರ ಎಷ್ಟೋ ಪಟ್ಟು.

ಆಸ್ತಿ ಪಾಲು ಆಗದೇ ಇದ್ದಿದ್ದಕ್ಕೂ ರಸ್ತೆಗೂ ಏನು ಸಂಬಂಧ?

ಇದು ನನಗೆ ತುಂಬಾ ಇಷ್ಟವಾದ ಭಾಗ. ಎಮ್ಮೆಂಟಾಲ್‌ನಲ್ಲಿ ಕಾರು ಅಪರೂಪಕ್ಕೆ ಬರೋ, ಡಾಂಬರು ಹಾಕಿದ ಸಣ್ಣ ಸಣ್ಣ ರಸ್ತೆಗಳು ಜೇಡರ ಬಲೆ ಥರ ಹರಡಿವೆ. ಸೈಕಲ್‌ಗೆ ಅವು ಹೇಳಿ ಮಾಡಿಸಿದ ಹಾಗಿವೆ. ಆದ್ರೆ ಅವನ್ನ ಸೈಕಲ್‌ಗೋಸ್ಕರ ಮಾಡಿದ್ದಲ್ಲ.

ಅಲ್ಲಿ ಹಳೇ ಪದ್ಧತಿ ಪ್ರಕಾರ ಜಮೀನನ್ನು ಮಕ್ಕಳ ನಡುವೆ ಹಂಚುತ್ತಿರಲಿಲ್ಲ, ಇಡೀ ಜಮೀನು ಕಿರಿಯ ಮಗನಿಗೆ ಹೋಗುತ್ತಿತ್ತು. ಹಿರಿಯನಿಗಲ್ಲ, ಕಿರಿಯನಿಗೆ! ಜಮೀನು ತುಂಡಾಗಲಿಲ್ಲ, ಹಾಗಾಗಿ ಪ್ರತಿ ಕುಟುಂಬ ತನ್ನ ಜಮೀನಿನ ಮಧ್ಯದಲ್ಲೇ ದೊಡ್ಡ ಮನೆ ಕಟ್ಟಿಕೊಂಡಿತು. ನಮ್ಮ ಮಲೆನಾಡಲ್ಲಿ ತೋಟದ ನಡುವೆ ಒಂಟಿ ಮನೆಗಳು ಇರ್ತವಲ್ಲ, ಹಾಗೇ.

ನೆಲದ ಹತ್ತಿರದವರೆಗೂ ಇಳಿಬಿದ್ದ ಭಾರಿ ಸೂರು, ಅದರ ಕೆಳಗೆ ಮನೆ, ಕೊಟ್ಟಿಗೆ, ಹುಲ್ಲಿನ ಅಟ್ಟ ಎಲ್ಲಾ ಒಂದೇ ಕಡೆ. ಪಕ್ಕದಲ್ಲಿ ಒಂದು ಪುಟ್ಟ ಮನೆ ಕಾಣುತ್ತೆ, ಅದಕ್ಕೆ ಶ್ಟೋಕ್ಲಿ ಅಂತಾರೆ. ಮಗ ಯಜಮಾನಿಕೆ ವಹಿಸಿಕೊಂಡ ಮೇಲೆ ಅಪ್ಪ ಅಮ್ಮ ಅಲ್ಲಿಗೆ ಹೋಗ್ತಾರೆ. ಸ್ವಲ್ಪ ದೂರದಲ್ಲಿ ಮರದ ಕಣಜ, ಅದು ಶ್ಪೀಖರ್. ಮನೆಗೆ ಬೆಂಕಿ ಬಿದ್ರೂ ಕಾಳು ಉಳೀಲಿ ಅಂತ ಬೇಕಂತಲೇ ದೂರ ಕಟ್ಟಿದ್ದು.

ಹೀಗೆ ದಿಬ್ಬಕ್ಕೊಂದು ಮನೆ ಇದ್ದಾಗ ಪ್ರತಿ ಮನೆಗೂ ದಾರಿ ಬೇಕು. ಜೊತೆಗೆ 19ನೇ ಶತಮಾನದಲ್ಲಿ ಚೀಸ್ ಮಾಡೋ ಕೆಲಸ ಬೇಸಿಗೆಯ ಬೆಟ್ಟದ ಹುಲ್ಲುಗಾವಲಿಂದ ಕೆಳಗಿನ ಹಳ್ಳಿಗಳಿಗೆ ಇಳೀತು. ಬರ್ನ್ ಸೀಮೆಯ ಕೀಸೆನ್ ಅನ್ನೋ ಊರಲ್ಲಿ 1815ರಲ್ಲಿ ಶುರುವಾದ ಚೀಸ್ ಮನೆ ಇಂಥ ಮೊದಲಿನವುಗಳಲ್ಲಿ ಒಂದು. ಆಮೇಲೆ ಹಳ್ಳಿ ಹಳ್ಳಿಯಲ್ಲೂ ಚೀಸ್ ಮನೆ ಬಂತು. ನಮ್ಮಲ್ಲಿ ಹಾಲಿನ ಡೇರಿ ಇದ್ದ ಹಾಗೆ, ಕರೆದ ಹಾಲನ್ನ ಅಲ್ಲಿಗೆ ತಂದು ಹಾಕಬೇಕು. ಅಂದ್ರೆ ದಾರಿ ಮಳೆ, ಹಿಮ ಎರಡನ್ನೂ ತಡೀಬೇಕು. ಇವತ್ತು ನಾವು ಸೈಕಲ್ ತುಳಿಯೋದು ಆ ದಾರಿಗಳಲ್ಲೇ.

ಇದಕ್ಕೆ ಇನ್ನೊಂದು ಮುಖಾನೂ ಇದೆ. ಮುಖ್ಯ ರಸ್ತೆ ಬೆಟ್ಟವನ್ನು ಸುತ್ತಿ ಸುತ್ತಿ ನಿಧಾನಕ್ಕೆ ಹತ್ತುತ್ತೆ. ತೋಟದ ದಾರಿಗೆ ಅಷ್ಟು ತಾಳ್ಮೆ ಇಲ್ಲ, ನೇರವಾಗಿ ಮನೆ ಬಾಗಿಲಿಗೇ ಹತ್ತುತ್ತೆ. ಟ್ರಾಫಿಕ್ ಇಲ್ಲ, ಆದ್ರೆ ಏರು ಕಡಿದು.

ಏರಿನ ಲೆಕ್ಕ

ನಾನು ಬಿಕಾಂ ಮಾಡಿದವನು, ಲೆಕ್ಕ ಇಲ್ಲದೆ ಎಪಿಸೋಡ್ ಮುಗಿಸಲ್ಲ. ನಿಮ್ಮ ಸೈಕಲ್ ಚಕ್ರ ಒಂದು ಸುತ್ತು ಸುತ್ತಿದ್ರೆ ಸುಮಾರು 2.1 ಮೀಟರ್ ಮುಂದೆ ಹೋಗುತ್ತೆ. ಪೆಡಲ್ ಹತ್ತಿರದ ಹಲ್ಲುಚಕ್ರಕ್ಕೆ 50 ಹಲ್ಲು, ಹಿಂದಿನದಕ್ಕೆ 25 ಹಲ್ಲು ಅಂದ್ಕೊಳ್ಳಿ. ಒಂದು ಸಲ ಪೆಡಲ್ ಸುತ್ತಿದ್ರೆ ಚಕ್ರ ಎರಡು ಸುತ್ತು, ಅಂದ್ರೆ 4.2 ಮೀಟರ್. ಸಮತಟ್ಟಾದ ದಾರಿಯಲ್ಲಿ ಇದು ಚೆನ್ನ. 10% ಏರಿನಲ್ಲಿ, ಅಂದ್ರೆ 100 ಮೀಟರ್ ಮುಂದೆ ಹೋದ್ರೆ 10 ಮೀಟರ್ ಮೇಲೆ ಹೋಗೋ ಕಡೆ, ಒಂದೊಂದು ಸುತ್ತಿಗೂ ನಿಮ್ಮ ಮೈಭಾರ, ಸೈಕಲ್ ಭಾರ, ಬ್ಯಾಗ್ ಭಾರ ಎಲ್ಲವನ್ನೂ ಸುಮಾರು 42 ಸೆಂಟಿಮೀಟರ್ ಮೇಲೆ ಎತ್ತಬೇಕು.

ಈಗ ಮುಂದೆ 34, ಹಿಂದೆ 34 ಹಲ್ಲಿನ ಗೇರ್ ಹಾಕಿ. ಒಂದು ಪೆಡಲಿಗೆ ಒಂದು ಸುತ್ತು, ಎತ್ತಬೇಕಾದ್ದು 21 ಸೆಂಟಿಮೀಟರ್ ಮಾತ್ರ. ಪ್ರತಿ ತುಳಿತದ ಭಾರ ಅರ್ಧ ಆಯ್ತು. ನಿಮಿಷಕ್ಕೆ 60 ಸುತ್ತು ತುಳಿದ್ರೂ ವೇಗ ಗಂಟೆಗೆ ಏಳೂವರೆ ಕಿಲೋಮೀಟರ್ ಅಷ್ಟೇ. ಪರವಾಗಿಲ್ಲ. ಬೆಟ್ಟದಲ್ಲಿ ಬೇಕಿರೋದು ದೊಡ್ಡ ತೊಡೆಯಲ್ಲ, ಸಣ್ಣ ಗೇರ್.

ಇನ್ನೊಂದು ಲೆಕ್ಕ. "ಹತ್ತೋವಾಗ ಕಳ್ಕೊಂಡಿದ್ದು ಇಳಿಯೋವಾಗ ವಾಪಸ್ ಬರುತ್ತೆ" ಅಂತಾರೆ. ಬರಲ್ಲ ಸ್ವಾಮಿ! 10 ಕಿ.ಮೀ. ಏರನ್ನು ಗಂಟೆಗೆ 10ರ ವೇಗದಲ್ಲಿ ಹತ್ತಿದ್ರೆ ಒಂದು ಗಂಟೆ. ಅದೇ 10 ಕಿ.ಮೀ. ಇಳಿಕೆಗೆ 40ರ ವೇಗದಲ್ಲಿ 15 ನಿಮಿಷ. ಒಟ್ಟು 20 ಕಿ.ಮೀ.ಗೆ ಒಂದೂಕಾಲು ಗಂಟೆ. ಸರಾಸರಿ 25 ಅಲ್ಲ, 16. ಇಂಥ ಸೀಮೆಯಲ್ಲಿ ದಿನಕ್ಕೆ 50 ಕಿ.ಮೀ. ಅಂದ್ರೆ ಚೆನ್ನಾದ ದಿನ ಅಂತಲೇ ಲೆಕ್ಕ.

ನಿಂತು ನೋಡಬೇಕಾದ ಊರುಗಳು

ನಿಧಾನಕ್ಕೆ ಹೋಗೋದರಿಂದ ಊರುಗಳು ಚೆನ್ನಾಗಿ ಕಾಣ್ತವೆ. ಬುರ್ಗ್‌ಡೋರ್ಫ್‌ನಲ್ಲಿ ದಿಬ್ಬದ ಮೇಲೆ ಮಧ್ಯಯುಗದ ಕೋಟೆ ಇದೆ. ಮಕ್ಕಳಿಗೆ ಬಾಯಿಪಾಠ ಬೇಡ, ನೋಡಿ ಮುಟ್ಟಿ ಕಲೀಲಿ ಅಂದ ಪೆಸ್ಟಾಲೋಟ್ಸಿ, 1800ರ ಆಸುಪಾಸಿನಲ್ಲಿ ಇದೇ ಕೋಟೆಯಲ್ಲಿ ಶಾಲೆ ನಡೆಸಿದ್ರು. ಬಿಎಡ್ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ.

ಅಲ್ಲಿಂದ ಎಮ್ಮೆ ನದಿ ಜೊತೆ ಮೇಲಕ್ಕೆ ಹೋದ್ರೆ ಹಾಸ್ಲೆ-ರೂಗ್ಸೌ ಹತ್ತಿರ ಸೂರು ಹಾಕಿದ ಮರದ ಸೇತುವೆ ಸಿಗುತ್ತೆ. 1837ರ ಆಗಸ್ಟ್‌ನಲ್ಲಿ ಎಮ್ಮೆ ಉಕ್ಕಿ ಸೇತುವೆಗಳನ್ನು ಕೊಚ್ಚಿಕೊಂಡು ಹೋಯ್ತು. ನದಿ ನಡುವೆ ಕಂಬ ಇದ್ರೆ ತಾನೇ ಪ್ರವಾಹ ಅದಕ್ಕೆ ಹೊಡೆಯೋದು? ಹಾಗಾಗಿ ಒಂದೂ ಕಂಬ ಇಲ್ಲದೆ, ಸುಮಾರು 58 ಮೀಟರ್ ಉದ್ದಕ್ಕೆ ಒಂದೇ ಮರದ ಕಮಾನು ಕಟ್ಟಿದ್ರು. ಸೂರು ಇರೋದು ಅಂದಕ್ಕಲ್ಲ, ಮರ ನೆನೆದು ಕೊಳೆಯಬಾರದು ಅಂತ.

ಸ್ವಲ್ಪ ಮುಂದೆ ಲುಟ್ಸೆಲ್‌ಫ್ಲೂ ಅನ್ನೋ ಹಳ್ಳಿ. ಇಲ್ಲಿನ ಪಾದ್ರಿ ಆಲ್ಬರ್ಟ್ ಬಿಟ್ಸಿಯಸ್, ಯೆರೆಮಿಯಾಸ್ ಗೊಟ್‌ಹೆಲ್ಫ್ ಅನ್ನೋ ಹೆಸರಲ್ಲಿ ಈ ರೈತರ ಬದುಕನ್ನೇ ಕಥೆ ಮಾಡಿದವರು. ಆ ಪ್ರವಾಹದ ಬಗ್ಗೆಯೂ ಬರೆದಿದ್ದಾರೆ. ಅವರಿದ್ದ ಮನೆ ಈಗ ಮ್ಯೂಸಿಯಂ.

ಕೆಂಪು ಬೋರ್ಡು, ರೈಲು

ದಾರಿ ತಪ್ಪೋ ಭಯಕ್ಕೆ ಉತ್ತರ ಕೆಂಪು ಬೋರ್ಡು. ಗೊತ್ತುಮಾಡಿದ ಸೈಕಲ್ ಮಾರ್ಗಗಳ ತಿರುವುಗಳಲ್ಲಿ ಬೋರ್ಡು ಇರುತ್ತೆ, ಮಾರ್ಗದ ನಂಬರು ತಿಳಿನೀಲಿ ಚೌಕದಲ್ಲಿ. ರಾಷ್ಟ್ರೀಯ ಮಾರ್ಗಗಳಿಗೆ ಸಾಮಾನ್ಯವಾಗಿ ಒಂದಂಕಿ, ಪ್ರಾದೇಶಿಕಕ್ಕೆ ಎರಡಂಕಿ, ಸ್ಥಳೀಯಕ್ಕೆ ಮೂರಂಕಿ. ಇದರಲ್ಲಿ ಒಂದು ವಿಶೇಷ ನಂಬರ್ 99, ಹೆರ್ಟ್ಸ್‌ರೂಟೆ. ಹೃದಯದ ದಾರಿ ಅಂತ ಅರ್ಥ. ಲೋಸಾನ್‌ನಿಂದ ರೋರ್‌ಶಾಖ್‌ವರೆಗೆ 700 ಕಿ.ಮೀ.ಗೂ ಹೆಚ್ಚು, ರೋಮೊಂ, ಲೌಪೆನ್, ಬುರ್ಗ್‌ಡೋರ್ಫ್, ವಿಲಿಸೌನಂಥ ಹಳೇ ಊರುಗಳನ್ನು ಪೋಣಿಸಿಕೊಂಡು ಹೋಗುತ್ತೆ. ನಾನು ಹೋಗಿದ್ದು ಇದರದ್ದೇ ಎರಡು ತುಂಡು. ಇ-ಬೈಕ್ ಸವಾರರನ್ನು ಮನಸ್ಸಲ್ಲಿಟ್ಟುಕೊಂಡೇ ಮಾಡಿದ ಮಾರ್ಗ ಇದು. ಆ ಅರವತ್ತು ವರ್ಷದವರು ಏರಿನಲ್ಲಿ ನನ್ನನ್ನು ನಗುನಗುತ್ತಾ ದಾಟಿ ಹೋಗಿದ್ದು ಇದರ ದಯೆಯಿಂದ.

ವಾಪಸ್ ಬರೋ ಭಯಕ್ಕೆ ಉತ್ತರ ರೈಲು. ಲಾಂಗ್ನೌ, ಬುರ್ಗ್‌ಡೋರ್ಫ್ ಎರಡೂ ಕಡೆ ಸ್ಟೇಷನ್ ಇದೆ. ಸೈಕಲ್‌ಗೆ ಬೇರೆ ಟಿಕೆಟ್ ತಗೊಂಡು ಜೊತೆಗೇ ಹತ್ತಿಸಬಹುದು. ಕೆಲವು ಇಂಟರ್‌ಸಿಟಿ ರೈಲುಗಳಿಗೆ ಮಾತ್ರ ಸೈಕಲ್ ಜಾಗ ಮೊದಲೇ ಬುಕ್ ಮಾಡಬೇಕಾಗಬಹುದು.

ಇದು ತಾನಾಗೇ ಆಗಿದ್ದಲ್ಲ

ಲಾರಿ ಭಯದ ಉತ್ತರ ಅರ್ಧ ಇತಿಹಾಸ ಕೊಟ್ಟಿದ್ದು. ಸಿಟಿಗಳಲ್ಲಿ, ದೊಡ್ಡ ರಸ್ತೆಗಳಲ್ಲಿ ಸ್ವಿಸ್ ಸೈಕಲ್ ಸವಾರರಿಗೂ ಕಷ್ಟ ಇತ್ತು, ಈಗಲೂ ಇದೆ. ಉಳಿದ ಅರ್ಧವನ್ನು ಅವರು ವೋಟ್ ಹಾಕಿ ಪಡೆಯೋಕೆ ಹೊರಟ್ರು. 1979ರಲ್ಲೇ ಕಾಲುದಾರಿಗಳನ್ನು ಸಂವಿಧಾನಕ್ಕೆ ಸೇರಿಸಿದ್ದ ದೇಶ ಅದು. 2018ರ ಸೆಪ್ಟೆಂಬರ್ 23ರಂದು ಸೈಕಲ್ ದಾರಿಗಳನ್ನೂ ಸೇರಿಸಬೇಕಾ ಅಂತ ಜನಮತ ನಡೀತು. 73.6% ಜನ ಹೌದು ಅಂದ್ರು, ಒಂದೇ ಒಂದು ಕ್ಯಾಂಟನ್ ಕೂಡ ಬೇಡ ಅನ್ನಲಿಲ್ಲ. ಕ್ಯಾಂಟನ್ ಅಂದ್ರೆ ನಮ್ಮ ರಾಜ್ಯದ ಥರ.

ಅದರ ಮೇಲೆ ಬಂದ ಕಾಯ್ದೆ 2023ರ ಜನವರಿ 1ರಿಂದ ಜಾರಿಯಲ್ಲಿದೆ. 2027ರ ಕೊನೆಯೊಳಗೆ ಕ್ಯಾಂಟನ್‌ಗಳು ಸೈಕಲ್ ಜಾಲದ ನಕ್ಷೆ ಮಾಡಬೇಕು, 2042ರೊಳಗೆ ಕಟ್ಟಿ ಮುಗಿಸಬೇಕು. ಜಾಲದಲ್ಲಿರೋ ದಾರಿಯನ್ನು ತೆಗೆದ್ರೆ ಬದಲಿ ದಾರಿ ಕೊಡೋದರ ಬಗ್ಗೆ ನೋಡಲೇಬೇಕು. ನನಗೆ ಮುಖ್ಯ ಅನ್ಸಿದ್ದು ಈ ತಾರೀಕು. "ಮಾಡ್ತೀವಿ" ಅನ್ನೋದು ಭಾಷಣ, "ಈ ವರ್ಷದೊಳಗೆ" ಅನ್ನೋದು ಲೆಕ್ಕ.

ಹೋಗೋರಿಗೆ ನಾಲ್ಕು ಮಾತು

ಬಾಡಿಗೆ ಸೈಕಲ್ ತಗೊಳ್ಳೋವಾಗ ಬಣ್ಣ ನೋಡಬೇಡಿ, ಹಿಂದಿನ ಹಲ್ಲುಚಕ್ರ ಎಷ್ಟು ದೊಡ್ಡದಿದೆ ಮತ್ತು ಬ್ರೇಕ್ ಹೇಗಿದೆ ನೋಡಿ. ಹಳ್ಳಿಯ ಕಾರಂಜಿ ತೊಟ್ಟಿಗಳ ನೀರನ್ನು ಬಾಟಲಿಗೆ ತುಂಬ್ಕೋಬಹುದು, "ಕೈನ್ ಟ್ರಿಂಕ್‌ವಾಸರ್" ಅಂತ ಬೋರ್ಡ್ ಇದ್ರೆ ಮಾತ್ರ ಕುಡೀಬೇಡಿ. ಭಾನುವಾರ ಹಳ್ಳಿ ಅಂಗಡಿಗಳು ಮುಚ್ಚಿರ್ತವೆ, ಶನಿವಾರವೇ ತಿನ್ನೋದು ಇಟ್ಕೊಳ್ಳಿ. ಮಳೆ ಬಂದಾಗ ತೋಟದ ದಾರಿಯಲ್ಲಿ ಸಗಣಿ, ಮಣ್ಣು ಸೇರಿ ಜಾರುತ್ತೆ, ಇಳಿಕೆಯಲ್ಲಿ ತಿರುವಿಗೆ ಮುಂಚೆಯೇ ವೇಗ ಇಳಿಸಿ. 45ರ ವೇಗದವರೆಗೆ ಸಹಾಯ ಮಾಡೋ ಇ-ಬೈಕ್ ಆದ್ರೆ ಹೆಲ್ಮೆಟ್ ಕಡ್ಡಾಯ. ಸಾಮಾನ್ಯ ಸೈಕಲ್‌ಗೆ ಕಡ್ಡಾಯ ಅಲ್ಲ, ಆದ್ರೂ ಹಾಕ್ಕೊಳ್ಳಿ.

ನಿಮ್ಮೂರಲ್ಲಿ ಸೈಕಲ್ ತೆಗೆಯೋಕೆ ನಿಮ್ಮನ್ನ ತಡೆಯೋದು ಏರಾ, ಭಯಾನಾ? ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಲ ಅದನ್ನೇ ಮಾತಾಡೋಣ. ಸಿಗೋಣ.