ರೂಢಿಯ ಹಿಡಿತ

ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಇಂಥದೊಂದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಮತ್ತೊಂದು. ಲಿನಕ್ಸನ್ನು ಬೆಲೆ ತೆರದೆ ಪಡೆಯಬಹುದು. ಆದರೂ ವಿಂಡೋಸಿಗೆ ಒಗ್ಗಿದವರು ಅದನ್ನು ಬಿಡುವುದು ವಿರಳ. ಇದಕ್ಕೆ ಕಾರಣವೇನು?

ಕೊಂಡುತಂದ ಯಂತ್ರದಲ್ಲಿ ಸಾಮಾನ್ಯವಾಗಿ ಒಂದು ವ್ಯವಸ್ಥೆ ಮೊದಲೇ ನೆಲೆಗೊಂಡಿರುತ್ತದೆ. ದಿನಗಳೆದಂತೆ ಕೈಬೆರಳುಗಳು ಅದಕ್ಕೆ ಪಳಗುತ್ತವೆ. ಇವೆರಡಕ್ಕಿಂತ ಬಲವಾದುದು ಹಳೆಯ ಕಡತಗಳ ಬಂಧನ. ಹಳೇಬೀಡಿನ ಬಳಿಯ ಬಸ್ತಿಹಳ್ಳಿಯಂಥ ಗ್ರಾಮದಲ್ಲಿ ಜನರಿಗೆ ಅರ್ಜಿ ಬರೆದುಕೊಡುವವನೊಬ್ಬನನ್ನು ಊಹಿಸಿಕೊಳ್ಳಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಆವೃತ್ತಿಗಳು ವಿಂಡೋಸಿಗಾಗಿ ಸಿದ್ಧವಾದವು. ಅವುಗಳಲ್ಲಿ ಬರೆದ ಬರಹವು, ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತದೆ. ಬೇರೆ ವ್ಯವಸ್ಥೆಗೆ ಹೋದರೆ ವರ್ಷಗಳ ದುಡಿಮೆ ವ್ಯರ್ಥವಾದೀತೆಂದು ಅವನು ಅಂಜುವುದು ಸಹಜವೇ.

ಹಾಗಾದರೆ ಲಿನಕ್ಸ್ ಕಲಿಯುವುದು ಕಷ್ಟವೆ? ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಆಧಾರಿತ ವ್ಯವಸ್ಥೆಯೇ ಪಾಠದ ಸಾಧನ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಅವರಿಗೆ ಅದೇ ರೂಢಿ.

ಮೊದಲು ಕಲಿತದ್ದು ಸುಲಭವೆನಿಸುವುದು ಮನುಷ್ಯಸ್ವಭಾವ. ಆದರೆ ಬರಹವು ಒಂದೇ ಯಂತ್ರಕ್ಕೆ ಸೆರೆಯಾಗಬೇಕಿಲ್ಲ. ಎಲ್ಲ ವ್ಯವಸ್ಥೆಗಳಿಗೂ ಸಮಾನವಾದ ಯೂನಿಕೋಡ್ ಸಂಕೇತದಲ್ಲಿ ಬರೆದಿಟ್ಟವನು, ಬೇಕೆಂದಾಗ ಬದಲಾಗುವ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುತ್ತಾನೆ.